ಶಾಲೆಯ ಗೋಡೆ ಉಜ್ಜುವ ಮೊದಲು

ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ ಒಂದೇ ಕೋಣೆಯ ಹಳೆಯ ಮರದ ಶಾಲೆಯೊಂದಿದೆ. ಕಟ್ಟಿದ್ದು 1892ರಲ್ಲಿ. ಬಿಳಿಯರ ಮಕ್ಕಳ ಪಕ್ಕ ಕೂರುವಂತಿಲ್ಲದ ಕಪ್ಪು ಮಕ್ಕಳು 1950ರ ದಶಕದವರೆಗೂ ಅಲ್ಲಿ ಅಕ್ಷರ ಕಲಿತರು. ಮುಂದೆ ಅದು ಒಂದು ಖಾಸಗಿ ಶಾಲೆಯ ಕೈಗೆ ಬಂತು. ಅಲ್ಲಿನ ವಿದ್ಯಾರ್ಥಿಗಳು ಅದನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಲು ಹೊರಟಿದ್ದಾಗಲೇ, 2016ರ ಸೆಪ್ಟೆಂಬರ್ ಕೊನೆಯ ರಾತ್ರಿ, 16–17 ವಯಸ್ಸಿನ ಐವರು ಹುಡುಗರು ಸ್ಪ್ರೇ ಪೇಂಟ್ ಹಿಡಿದು ಬಂದರು. ಬೆಳಗಾದಾಗ ಗೋಡೆಯ ಮೇಲೆ ನಾಜಿ ಚಿಹ್ನೆ, ‘ವೈಟ್ ಪವರ್’ ಎಂಬ ಬಿಳಿಯರ ಮೇಲುಗೈಯ ಘೋಷಣೆ, ಜೊತೆಗೆ ಡೈನೋಸಾರ್ ಚಿತ್ರಗಳು.

ಇಂದು ಆಶ್‌ಬರ್ನ್ ಸುತ್ತಮುತ್ತ ಕನ್ನಡದ ಮನೆಗಳು ಬೇಕಾದಷ್ಟಿವೆ. ಅಲ್ಲಿಯೋ ಬೇರೆ ಕಡೆಯೋ, ಅಮೆರಿಕದ ಶಾಲೆಗೆ ಹೋಗುವ ನಮ್ಮ ಮಕ್ಕಳ ಕಣ್ಣಿಗೆ ಇಂಥ ಬರಹ ಬಿದ್ದರೆ ಏನು ಮಾಡಬೇಕು ಎಂದು ಬರೆಯುತ್ತಿದ್ದೇನೆ. ಕೆಲಸ ಕೆಡುವುದು ಹೆಚ್ಚಾಗಿ ಮೊದಲ ಒಂದು ಗಂಟೆಯಲ್ಲಿ. ಒಳ್ಳೆಯ ಮನಸ್ಸಿನವರೇ ಒದ್ದೆ ಬಟ್ಟೆ ತಂದು ಉಜ್ಜಿಬಿಡುತ್ತಾರೆ. ಸಾಕ್ಷಿಯೂ ಹೋಯಿತು, ಗೋಡೆಯೂ ಹಾಳಾಯಿತು.

ಮೊದಲು ಫೋಟೋ. ಇಡೀ ಗೋಡೆಯದ್ದೊಂದು. ಪ್ರತಿ ಬರಹಕ್ಕೂ ಎದುರು ನಿಂತು ಒಂದೊಂದು. ಅಳತೆ ಗೊತ್ತಾಗಲು ಪಕ್ಕದಲ್ಲಿ ಸ್ಕೇಲ್ ಹಿಡಿದು ಒಂದು. ಕೊಠಡಿಯ ನಂಬರ್ ಅಥವಾ ಬಾಗಿಲು ಕಾಣುವಂತೆ ಇನ್ನೊಂದು. ಆಫೀಸಿಗೆ ಕಳಿಸುವಾಗ ಸ್ಕ್ರೀನ್‌ಶಾಟ್ ಬೇಡ, ಮೂಲ ಫೈಲನ್ನೇ ಕೊಡಿ. ತೆಗೆದ ದಿನ, ಹೊತ್ತು ಅದರೊಳಗೇ ಇರುತ್ತದೆ. ಸ್ನ್ಯಾಪ್‌ಚಾಟ್, ಇನ್‌ಸ್ಟಾಗ್ರಾಮ್‌ಗೆ ಮಾತ್ರ ಹಾಕಬೇಡಿ. ಬರೆದವನಿಗೆ ಬೇಕಿದ್ದದ್ದೇ ಅದು, ನೋಡುವ ಜನ. ಗುರಿಯಾದ ಮಗು ಅದೇ ಮಾತನ್ನು ಎಷ್ಟು ಫೋನುಗಳಲ್ಲಿ ನೋಡಬೇಕು, ಯೋಚಿಸಿ.

ಪ್ರಿನ್ಸಿಪಾಲರಿಗೆ ಬಾಯಲ್ಲಿ ಹೇಳಿದರೆ ಸಾಲದು. ಅದೇ ದಿನ ಈಮೇಲ್ ಹೋಗಲಿ: ಎಷ್ಟು ಹೊತ್ತಿಗೆ, ಎಲ್ಲಿ, ಏನು ಕಂಡಿತು, ಯಾರಿಗೆ ಹೇಳಿದೆವು. ನಾಲ್ಕೈದು ಸಾಲು ಸಾಕು. ಕೇಂದ್ರ ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಜನಾಂಗ, ಬಣ್ಣ, ಮೂಲದೇಶದ ಹೆಸರಲ್ಲಿ ತಾರತಮ್ಯ ಕೂಡದು ಎನ್ನುತ್ತದೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯ. ಶಾಲೆ ಕಣ್ಣುಮುಚ್ಚಿ ಕೂತರೆ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಸಾಮಾನ್ಯವಾಗಿ 180 ದಿನಗಳ ಗಡುವು. ಆ ದಿನ ಬಂದರೆ ಕೆಲಸಕ್ಕೆ ಬರುವುದು ಇದೇ ಈಮೇಲ್.

ಪೊಲೀಸರು ಅಥವಾ ಶಾಲೆಯವರು ನೋಡಿ ಹೋಗುವವರೆಗೆ ಬರಹವನ್ನು ಮುಚ್ಚಿಡಿ. ಅಗಲದ ಕಂದು ಕಾಗದವನ್ನು ಬರಹಕ್ಕಿಂತ ಒಂದಡಿ ಮೇಲಿಂದ ಇಳಿಬಿಡಿ. ಟೇಪ್ ಬರಹದ ಮೇಲೆ ತಾಗಬಾರದು. ಹಸಿ ಬಣ್ಣಕ್ಕೆ ತಾಗಿದರೆ ಮೆತ್ತಿಕೊಳ್ಳುತ್ತದೆ, ಹಳೆಯ ಬಣ್ಣಕ್ಕೆ ತಾಗಿದರೆ ಕಿತ್ತು ಬರುತ್ತದೆ.

ಅಳಿಸುವ ಕೆಲಸ ಗೋಡೆ ಯಾವುದು ಎಂಬುದರ ಮೇಲೆ ನಿಂತಿದೆ. ಶೌಚಾಲಯದ ಲ್ಯಾಮಿನೇಟ್ ಹಲಗೆಯ ಮೇಲೆ ಮಾರ್ಕರ್ ಬರಹವಿದ್ದರೆ 70% ಐಸೊಪ್ರೊಪೈಲ್ ಆಲ್ಕೋಹಾಲ್ (ಔಷಧಿ ಅಂಗಡಿಯ ರಬ್ಬಿಂಗ್ ಆಲ್ಕೋಹಾಲ್) ಸಾಕು. ಬಟ್ಟೆ ಒದ್ದೆ ಮಾಡಿ ಅರ್ಧ ನಿಮಿಷ ಒತ್ತಿಡಿ, ಆಮೇಲೆ ಹೊರಗಿನಿಂದ ಒಳಗೆ ಒರೆಸಿ. ಒಳಗಿನಿಂದ ಹೊರಗೆ ಎಳೆದರೆ ಶಾಯಿ ಹರಡುತ್ತದೆ. ಗಾಜಾದರೆ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯಬೇಕು, ಗಾಜನ್ನು ಮೊದಲು ಸೋಪಿನ ನೀರಲ್ಲಿ ನೆನೆಸಿ. ಈ ಕೆಲಸವನ್ನು ದೊಡ್ಡವರೇ ಮಾಡಲಿ.

ಇಟ್ಟಿಗೆಯದು ಬೇರೆಯೇ ಕಥೆ. ಇಟ್ಟಿಗೆ ಬಣ್ಣವನ್ನು ಹೀರಿಕೊಳ್ಳುತ್ತದೆ. ಪ್ರೆಶರ್ ವಾಷರ್‌ನಿಂದ ಜೋರಾಗಿ ನೀರು ಹೊಡೆದರೆ ಬಣ್ಣ ಹೊರಗೆ ಬರುವ ಬದಲು ರಂಧ್ರಗಳಲ್ಲಿ ಇನ್ನೂ ಆಳಕ್ಕೆ ಇಳಿಯಬಹುದು. ಯಂತ್ರದಿಂದ ಮರಳು ಹೊಡೆಸಿದರೆ (ಸ್ಯಾಂಡ್‌ಬ್ಲಾಸ್ಟ್) ಸುಟ್ಟ ಇಟ್ಟಿಗೆಯ ಗಟ್ಟಿ ಮೇಲ್ಪದರವೇ ಹೋಗುತ್ತದೆ, ಆಮೇಲೆ ಇಟ್ಟಿಗೆ ನೀರು ಕುಡಿದು ಉದುರತೊಡಗುತ್ತದೆ. ತಂತಿ ಬ್ರಷ್ ಕೂಡ ಬೇಡ. ಬಣ್ಣ ಕರಗಿಸುವ ದ್ರಾವಣವನ್ನು ಜೇಡಿಯಂಥ ಪುಡಿಯಲ್ಲಿ ಕಲಸಿ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ ಬಿಡುವುದು ಸರಿಯಾದ ದಾರಿ. ಕರಗಿದ ಬಣ್ಣವನ್ನು ಆ ಲೇಪವೇ ಎಳೆದುಕೊಳ್ಳುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಅಂಗೈಯಗಲ ಪರೀಕ್ಷಿಸಿ. ಬಣ್ಣ ಕರಗಿಸುವ ಮೀಥೈಲೀನ್ ಕ್ಲೋರೈಡ್ ಎಂಬ ರಾಸಾಯನಿಕ ಇರುವ ಡಬ್ಬಿ ಯಾರದೋ ಗ್ಯಾರೇಜಿನಲ್ಲಿ ಉಳಿದಿದ್ದರೂ ತರಬೇಡಿ. ಅದರ ಹಬೆಗೆ ಜನ ಸತ್ತಿದ್ದಾರೆ. 2019ರಿಂದ ಬಣ್ಣ ತೆಗೆಯಲೆಂದು ಅದನ್ನು ಅಮೆರಿಕದಲ್ಲಿ ಸಾಮಾನ್ಯರಿಗೆ ಮಾರುವಂತಿಲ್ಲ.

ಬಣ್ಣ ಬಳಿದ ಗೋಡೆ ಅಥವಾ ಮರದ ಹಲಗೆಯಾದರೆ ಮೇಲೆ ಇನ್ನೊಂದು ಬಣ್ಣ ಹೊಡೆಯುವುದೇ ಸುಲಭ. ಇಲ್ಲೂ ಎರಡು ತಪ್ಪು ಪದೇ ಪದೇ ಆಗುತ್ತವೆ. ನೇರವಾಗಿ ಲೇಟೆಕ್ಸ್ (ನೀರಿನಲ್ಲಿ ಕಲಸಿದ ಗೋಡೆ ಬಣ್ಣ) ಹೊಡೆದರೆ ಕೆಂಪು ಬಣ್ಣ, ಮಾರ್ಕರ್ ಶಾಯಿ ಒಂದೆರಡು ದಿನದಲ್ಲಿ ಮೇಲೆ ಒಸರುತ್ತವೆ. ಅದಕ್ಕೆ ಮೊದಲು ಕಲೆ ತಡೆಯುವ ಶೆಲ್ಯಾಕ್ (ಅರಗಿನ) ಪ್ರೈಮರ್ ಒಂದು ಕೋಟ್, ಒಣಗಿದ ಮೇಲೆ ಬಣ್ಣ ಎರಡು ಕೋಟ್. ಎರಡನೆಯದು, ಅಕ್ಷರಗಳ ಮೇಲಷ್ಟೇ ತೇಪೆ ಹಚ್ಚುವುದು. ತೇಪೆಯೇ ಅಕ್ಷರದ ಆಕಾರದಲ್ಲಿ ನಿಲ್ಲುತ್ತದೆ, ದಿನವೂ ಆ ದಾರಿಯಲ್ಲಿ ಓಡಾಡುವ ಮಗು ಅದನ್ನು ಓದಿಕೊಳ್ಳುತ್ತದೆ. ಗೋಡೆಯನ್ನು ಮೂಲೆಯಿಂದ ಮೂಲೆಗೆ ಬಳಿಯಿರಿ. 1978ಕ್ಕಿಂತ ಹಳೆಯ ಕಟ್ಟಡದಲ್ಲಿ ಬಣ್ಣಕ್ಕೆ ಸೀಸ ಬೆರೆತಿರಬಹುದು, ಮರಳು ಕಾಗದ ಮುಟ್ಟಲೇಬೇಡಿ.

ಬ್ರಷ್ ಯಾರ ಕೈಗೆ ಕೊಡುತ್ತೀರಿ ಎಂಬುದೂ ಮುಖ್ಯ. ಯಾರನ್ನು ಬೈದು ಬರೆದಿದ್ದಾರೋ ಅವರೇ ಅದನ್ನು ಉಜ್ಜುವ ಸ್ಥಿತಿ ಬರಬಾರದು. ತಾವಾಗಿ ಬಂದರೆ ಬರಲಿ, ಕರೆಯಬೇಡಿ.

ಶಾಲೆ ಮನೆಗಳಿಗೆ ಕಳಿಸುವ ಪತ್ರವನ್ನು ವಿದ್ಯಾರ್ಥಿಗಳು ಓದಿ ಪ್ರಶ್ನಿಸಬೇಕು. ‘ಅನುಚಿತ ಬರಹ’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ಕಪ್ಪು ವಿದ್ಯಾರ್ಥಿಗಳನ್ನು ಗುರಿಮಾಡಿದ ಜನಾಂಗದ್ವೇಷದ ಬರಹ’ ಎಂದು ಹೆಸರು ಹಿಡಿದು ಬರೆಯಬೇಕು. ಬೈಗುಳವನ್ನು ಮಾತ್ರ ಮತ್ತೆ ಅಚ್ಚು ಹಾಕಬಾರದು. ತಪ್ಪಿತಸ್ಥನಿಗೆ ಯಾವ ಶಿಕ್ಷೆಯಾಯಿತು ಎಂದು ಶಾಲೆ ಸಾಮಾನ್ಯವಾಗಿ ಹೇಳುವುದಿಲ್ಲ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ 1974ರ ಕಾಯ್ದೆ ಅಡ್ಡ ಬರುತ್ತದೆ. ಹಾಗಾಗಿ ‘ಯಾರಿಗೆ ಏನಾಯಿತು’ ಎಂದು ಕೇಳಿ ಬರಿಗೈಲಿ ಬರುವ ಬದಲು, ‘ಶಾಲೆ ಏನು ಬದಲಿಸುತ್ತದೆ, ಯಾವ ದಿನದೊಳಗೆ’ ಎಂದು ಕೇಳಿ.

ತರಗತಿ ಬಿಟ್ಟು ಹೊರನಡೆಯುವ ಪ್ರತಿಭಟನೆಗೆ ಗೈರುಹಾಜರಿ ಹಾಕಬಹುದು. ಆದರೆ ಬೇರೆ ಕಾರಣಕ್ಕೆ ಗೈರಾದವರಿಗಿಂತ ಹೆಚ್ಚಿನ ಶಿಕ್ಷೆಯನ್ನು ಸರ್ಕಾರಿ ಶಾಲೆ ಅಭಿಪ್ರಾಯದ ಕಾರಣಕ್ಕೆ ಕೊಡುವಂತಿಲ್ಲ. ಪ್ರತಿಭಟನೆಗೆ ತೋಳಿಗೆ ಪಟ್ಟಿ ಕಟ್ಟುವುದಂತೂ, ಪಾಠಕ್ಕೆ ಅಡ್ಡಿಯಾಗದಿದ್ದರೆ, ಅಮೆರಿಕದ ಸುಪ್ರೀಂ ಕೋರ್ಟಿನ 1969ರ ಟಿಂಕರ್ ತೀರ್ಪಿನಿಂದ ಹಕ್ಕಾಗಿದೆ.

ನಮ್ಮ ಮಕ್ಕಳಿಗೆ ಇಲ್ಲಿ ಒಂದು ಕಗ್ಗಂಟಿದೆ. ಮನೆಯ ಹೊಸ್ತಿಲಲ್ಲಿ, ಹೊಸ ಕಾರಿನ ಮೇಲೆ ಅರಿಸಿನ ಕುಂಕುಮದಲ್ಲಿ ಬರೆಯುವ ಸ್ವಸ್ತಿಕ ಶಾಲೆಯ ಗೋಡೆಯಲ್ಲಿ ದ್ವೇಷವಾಗಿ ನಿಂತಿರುತ್ತದೆ. ನಾಜಿಗಳದ್ದು ಓರೆಯಾಗಿರುತ್ತದೆ ಎಂದು ಗುರುತು ಹೇಳಿಕೊಡುವವರಿದ್ದಾರೆ. ಕದ್ದು ಬರೆಯುವವನು ಹೇಗೆ ಬೇಕಾದರೂ ಗೀಚುತ್ತಾನೆ, ಆ ಗುರುತು ನಂಬಬೇಡಿ. ಬರೆದ ಜಾಗ, ಪಕ್ಕದ ಮಾತು ನೋಡಿದರೆ ಅರ್ಥ ತಿಳಿಯುತ್ತದೆ. ನಮ್ಮ ಚಿಹ್ನೆಯ ಪಾವಿತ್ರ್ಯದ ಬಗ್ಗೆ ತಿಳಿಸಿಕೊಡುವುದು ಬೇಕು, ಖಂಡಿತ. ಆದರೆ ಯಹೂದಿ ಗೆಳತಿ ಅಳುತ್ತಿರುವ ಹೊತ್ತಿನಲ್ಲಿ ಅಲ್ಲ. ಆ ದಿನ ಅವಳ ಜೊತೆ ಕೂರುವುದು, ಪಾಠ ಮುಂದಿನ ವಾರ.

ಆಶ್‌ಬರ್ನ್‌ನ ಐವರೂ ಸಿಕ್ಕಿಬಿದ್ದರು. ಸಿದ್ಧಾಂತಕ್ಕಿಂತ ಅಜ್ಞಾನವೇ ಹೆಚ್ಚು ಎಂದು ಕಂಡ ಸರ್ಕಾರಿ ವಕೀಲೆ ಅಲೆಜಾಂಡ್ರಾ ರುಯೇಡಾ 35 ಪುಸ್ತಕಗಳ ಪಟ್ಟಿ ಮಾಡಿದರು. ತಿಂಗಳಿಗೊಂದರಂತೆ ವರ್ಷವಿಡೀ ಓದಿ ವರದಿ ಬರೆಯಬೇಕು, ನಾಜಿಗಳು ಮಾಡಿದ ಯಹೂದಿಯರ ನರಮೇಧವನ್ನು ನೆನಪಿಸುವ ವಾಷಿಂಗ್ಟನ್‌ನ ಹೋಲೋಕಾಸ್ಟ್ ಮ್ಯೂಸಿಯಂ ನೋಡಬೇಕು, ಆ ಶಾಲೆಯಲ್ಲಿ ಓದಿದ್ದ ಹಳೆಯ ವಿದ್ಯಾರ್ಥಿನಿಯ ಸಂದರ್ಶನ ಕೇಳಬೇಕು. ಜೈಲಿನ ಬದಲು ಇದೇನು ಎಂದವರೂ ಇದ್ದರು. ನನ್ನ ಮಟ್ಟಿಗೆ, ಆ ಹಲಗೆಗಳ ಹಿಂದೆ ಕೂತು ಓದಿದವರ ದನಿ ಕೇಳಿಸಿದ್ದೇ ಅದರಲ್ಲಿ ದೊಡ್ಡದು. ಅಷ್ಟರಲ್ಲಿ ಊರವರು ಸೇರಿ ಕಟ್ಟಡಕ್ಕೆ ಬಣ್ಣ ಬಳಿದಿದ್ದರು.

ನಿಮ್ಮ ಶಾಲೆಯಲ್ಲೂ ಬಣ್ಣ ಬಳಿದಾಯಿತೆಂದರೆ ಒಂದು ತಿಂಗಳ ನಂತರ ಮತ್ತೆ ಹೋಗಿ. ಸಂಜೆ ಹೊತ್ತು ಟಾರ್ಚನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಡಿ. ಹಳೆಯ ಬಣ್ಣದ ಅಂಚು ಉಬ್ಬಿದ್ದರೆ ನೆರಳು ಕಾಣುತ್ತದೆ. ಅಕ್ಷರ ಇನ್ನೂ ಓದಲು ಬಂದರೆ, ಮೂಲೆಯಿಂದ ಮೂಲೆಗೆ ಇನ್ನೊಂದು ಕೋಟ್.