ಹಸ್ತ ಮಳೆಯಲ್ಲಿ ವಿಂಡೋಸ್ 11

ನಮ್ಮ ತೋಟ ಮೂಡಿಗೆರೆಯಿಂದ ಸಾಕಷ್ಟು ಒಳಗಿದೆ. ಚೆಕ್‌ರೋಲ್ ಎಂಬ ಆಳುಗಳ ಹಾಜರಿ ಪಟ್ಟಿ, ವಾರದ ಬಟವಾಡೆ, ಗೊಬ್ಬರದ ಲೆಕ್ಕ, ಬ್ಯಾಂಕಿಗೆ ಬರೆದ ಪತ್ರಗಳು ಎಲ್ಲವೂ 2018ರಲ್ಲಿ ಚಿಕ್ಕಮಗಳೂರಿನಲ್ಲಿ ಜೋಡಿಸಿ ತಂದ ಒಂದೇ ಕಂಪ್ಯೂಟರಿನಲ್ಲಿವೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ಬಹಳ ಹಿಂದೆಯೇ ತಿಳಿದಿದ್ದರೂ, ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಹಚ್ಚುವಾಗಲಷ್ಟೇ ನನಗೆ ಅದು ಕಣ್ಣೆದುರಿನ ಕೆಲಸವೆನಿಸಿತು. ಅರೇಬಿಕಾ ಕೊಯ್ಲು ಶುರುವಾದ ಮೇಲೆ ಈ ಯಂತ್ರವನ್ನು ಒಂದು ದಿನವೂ ಬಿಟ್ಟಿರಲಾಗುವುದಿಲ್ಲವಾದ್ದರಿಂದ, ವಿಂಡೋಸ್ 11ಕ್ಕೆ ಬದಲಿಸುವುದಿದ್ದರೆ ಹಸ್ತ ಮಳೆಯಲ್ಲೇ ಮಾಡಿ ಮುಗಿಸಬೇಕಿತ್ತು.

ಆ ದಿನ ದಾಟಿದರೆ ಕಂಪ್ಯೂಟರೇ ನಿಂತುಹೋಗುತ್ತದೆಂಬ ಮಾತು ನಮ್ಮ ಕಡೆ ಹಬ್ಬಿತ್ತು. ಹಾಗೇನೂ ಇಲ್ಲ, ಯಂತ್ರ ಎಂದಿನಂತೆ ನಡೆಯುತ್ತದೆ, ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಬರುವುದು ಮಾತ್ರ ನಿಲ್ಲುತ್ತದೆ. ಆಲ್ದೂರಿನಲ್ಲಿರುವ ನಮ್ಮ ನಿವೃತ್ತ ಮೇಷ್ಟ್ರೊಬ್ಬರ ಕಂಪ್ಯೂಟರಿನಲ್ಲಿ ಇಂಟೆಲ್‌ನ ಆರನೆಯ ತಲೆಮಾರಿನ ಪ್ರೊಸೆಸರ್ ಇದೆ. ವಿಂಡೋಸ್ 11 ಕೇಳುವುದು ಎಂಟನೆಯ ತಲೆಮಾರು ಅಥವಾ ಅದರ ನಂತರದ್ದು. ಅವರು ಹೊಸ ಯಂತ್ರ ಕೊಳ್ಳದೆ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್‌ಗಳನ್ನು ಬ್ಯಾಕಪ್‌ಗೆ ಜೋಡಿಸಿ, 2026ರ ಅಕ್ಟೋಬರ್ 13ರವರೆಗಿನ ವಿಸ್ತೃತ ಭದ್ರತಾ ಅಪ್‌ಡೇಟನ್ನು ಹಣ ಕೊಡದೆಯೇ ಪಡೆದುಕೊಂಡರು. ಮಿಂಚಂಚೆ ಮತ್ತು ಪಂಚಾಂಗಕ್ಕಷ್ಟೇ ಕಂಪ್ಯೂಟರ್ ಬಳಸುವವರಿಗೆ ಇದು ಸರಿಯಾದ ನಿರ್ಧಾರವೆಂದೇ ನನ್ನ ಎಣಿಕೆ.

ನನ್ನ ಪ್ರೊಸೆಸರ್ ಎಂಟನೆಯ ತಲೆಮಾರಿನದು, ಆದ್ದರಿಂದ ಅರ್ಹತೆ ಇತ್ತು. ತೊಡಕು ಬಂದದ್ದು ಡೌನ್‌ಲೋಡ್‌ನಲ್ಲಿ. ವಿಂಡೋಸ್ 11ರ ಕಡತದ ಗಾತ್ರ 5 ಜಿಬಿಗಿಂತ ಹೆಚ್ಚು. ನಮ್ಮಲ್ಲಿರುವುದು ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕು, ಅದೂ ಸಿಗ್ನಲ್ ಸಿಗುವ ಕಣದ ಮೂಲೆಯಲ್ಲಿ ಫೋನಿಟ್ಟರೆ ಮಾತ್ರ. ಚಿಕ್ಕಮಗಳೂರಿನಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ ಕಡತ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಲು ಹೋದಾಗ, 32 ಜಿಬಿಯ ಪೆನ್‌ಡ್ರೈವ್ ಬರಿದಾಗಿದ್ದರೂ ಕಡತ ದೊಡ್ಡದಾಯಿತೆಂಬ ಸೂಚನೆ ಬಂತು. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಿನಲ್ಲಿ 4 ಜಿಬಿ ಮೀರಿದ ಒಂದೇ ಕಡತ ಹಿಡಿಸುವುದಿಲ್ಲ. ಎನ್‌ಟಿಎಫ್‌ಎಸ್‌ಗೆ ಬದಲಿಸಿದ ಮೇಲೆ ಸರಾಗವಾಗಿ ಹೋಯಿತು. ಇಷ್ಟನ್ನು ತಿಳಿಯದೆ ನಮ್ಮ ಪಕ್ಕದ ತೋಟದ ರೈಟರು ಎರಡು ಪೆನ್‌ಡ್ರೈವ್ ಕೆಟ್ಟಿವೆಯೆಂದು ಎಸೆದಿದ್ದರಂತೆ.

ಮುಂದಿನ ತಪ್ಪು ಪೂರ್ತಿ ನನ್ನದೇ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಸೆಕ್ಯೂರ್ ಬೂಟ್ ಸೌಲಭ್ಯವನ್ನೂ ಬೇಡುತ್ತದೆ. ಮೊದಲನೆಯದು ನನ್ನ ಯಂತ್ರದಲ್ಲಿ ಇದ್ದೂ ಮಲಗಿತ್ತು. ವಿಂಡೋಸ್ ಏಳುವ ಮೊದಲೇ ತೆರೆಯುವ ಬಯಾಸ್ ಎಂಬ ಸೆಟ್ಟಿಂಗ್ ಪುಟದಲ್ಲಿ ಪಿಟಿಟಿ ಎಂಬ ಹೆಸರಿನಲ್ಲಿದ್ದುದನ್ನು ಎಬ್ಬಿಸಿದೆ. ಅದೇ ಉಮೇದಿನಲ್ಲಿ, ಸೆಕ್ಯೂರ್ ಬೂಟ್‌ಗಾಗಿ, ಯಂತ್ರ ಏಳುವ ಹಳೆಯ ಲೆಗಸಿ ವಿಧಾನವನ್ನು ತೆಗೆದು ಹೊಸದಾದ ಯುಇಎಫ್‌ಐ ಎಂದು ಬದಲಿಸಿಬಿಟ್ಟೆ. ಬೂಟ್ ಮಾಡಲು ಡಿಸ್ಕೇ ಇಲ್ಲವೆಂದು ಕಪ್ಪು ಪರದೆ ಹೇಳಿದಾಗ, ಐದಾರು ವರ್ಷದ ಬಟವಾಡೆಯ ಲೆಕ್ಕ ಕಣ್ಣಮುಂದೆ ಹಾದುಹೋಯಿತು. ಡಿಸ್ಕ್ ಎಂಬಿಆರ್ ಎಂಬ ಹಳೆಯ ಕ್ರಮದಲ್ಲಿ ವಿಭಾಗವಾಗಿದ್ದರೆ ಯುಇಎಫ್‌ಐ ವಿಧಾನದಲ್ಲಿ ವಿಂಡೋಸ್ ಏಳುವುದಿಲ್ಲ. ಮೊದಲು ಡಿಸ್ಕನ್ನು ಜಿಪಿಟಿ ಎಂಬ ಹೊಸ ಕ್ರಮಕ್ಕೆ ಪರಿವರ್ತಿಸಿ, ಆಮೇಲೆ ಬಯಾಸ್‌ಗೆ ಕೈಹಾಕಬೇಕು. ಸೆಟ್ಟಿಂಗ್ ಹಿಂದಕ್ಕೆ ಹಾಕಿದೊಡನೆ ಯಂತ್ರ ಎದ್ದಿತು. ಎಂಬಿಆರ್2ಜಿಪಿಟಿ ಎಂಬ ಉಪಕರಣ ವಿಂಡೋಸ್ 10ರಲ್ಲೇ ಇದೆ, ಕಡತಗಳನ್ನು ಅಳಿಸದೆ ಪರಿವರ್ತಿಸುತ್ತದೆ. ಆದರೂ ಈ ಸಲ ಲೆಕ್ಕವನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೇ ಮುಂದುವರಿದೆ.

ಇನ್‌ಸ್ಟಾಲ್ ಆಗಲು ಹಿಡಿದದ್ದು ಎರಡು ಗಂಟೆ. ನಮ್ಮ ಯುಪಿಎಸ್ ತಡೆಯುವುದು ಇಪ್ಪತ್ತು ನಿಮಿಷ. ಸಿಲ್ವರ್ ಓಕಿನ ಕೊಂಬೆ ತಂತಿಯ ಮೇಲೆ ಬಿದ್ದರೆ ಮರುದಿನದವರೆಗೂ ಕರೆಂಟಿನ ಮಾತಿಲ್ಲದ ಊರಿನಲ್ಲಿ ಶೇಕಡಾವಾರು ಅಂಕಿ ಏರುವುದನ್ನು ನೋಡುತ್ತ ಕೂರುವುದು ವ್ರತ ಹಿಡಿದಂತೆಯೇ ಸರಿ. ಜನರೇಟರಿಗೆ ಡೀಸೆಲ್ ತುಂಬಿಸಿಟ್ಟು, ಬೆಳಿಗ್ಗೆ ಮಳೆ ಹೊಳವಾದ ಹೊತ್ತಿಗೆ ಶುರುಮಾಡಿದೆ. ಕರೆಂಟು ಹೋಗಲೇ ಇಲ್ಲ. ಕಡತಗಳು, ಪ್ರೋಗ್ರಾಂಗಳು ಇದ್ದಲ್ಲೇ ಇದ್ದವು. ಸ್ಟಾರ್ಟ್ ಗುಂಡಿ ನಡುವಿಗೆ ಬಂದದ್ದಕ್ಕೆ ಮಾತ್ರ ಅಪ್ಪ ಬೈದರು. ಅದನ್ನು ಎಡಕ್ಕೆ ಸರಿಸಿಕೊಟ್ಟೆ.

ನನಗಿಂತ ಹೆಚ್ಚು ಹೆದರಿದವರು ಪೇಟೆಯ ಪತ್ರ ಬರಹಗಾರರೊಬ್ಬರು. ಅವರ ವಿಂಡೋಸ್ 10 ಮೂವತ್ತೆರಡು ಬಿಟ್‌ನದು. ವಿಂಡೋಸ್ 11 ಅರವತ್ನಾಲ್ಕು ಬಿಟ್‌ನಲ್ಲಿ ಮಾತ್ರ ಬರುವುದರಿಂದ, ಹಳೆಯದರ ಮೇಲೆಯೇ ಹಾಕಲು ದಾರಿಯಿರಲಿಲ್ಲ; ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಸಿದ್ದರು. ನಕಲು ಮಾಡಿಟ್ಟಿದ್ದ ಕ್ರಯಪತ್ರ, ವಿಭಾಗಪತ್ರಗಳನ್ನು ತೆರೆದರೆ ಒಂದಕ್ಷರವೂ ಕನ್ನಡವಿಲ್ಲ, ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ವೈರಸ್ಸೆಂದು ಯಾರೋ ಹೇಳಿದ್ದರಿಂದ ಅವರಿಗೆ ರಾತ್ರಿ ನಿದ್ದೆಯಿರಲಿಲ್ಲ. ನಿಜವಾಗಿ ಕೆಟ್ಟದ್ದು ಏನೂ ಇರಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ಕಡತದೊಳಗೆ ಇರುವುದೇ ಇಂಗ್ಲಿಷ್ ಸಂಕೇತಗಳು. ಅವಕ್ಕೆ ಕನ್ನಡದ ಮುಖ ತೊಡಿಸುವುದು ಫಾಂಟು. ಯೂನಿಕೋಡ್‌ನಲ್ಲಾದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ಯಾವುದೋ ಒಂದು ಕನ್ನಡ ಫಾಂಟಿದ್ದರೆ ಸಾಕು, ಓದಲು ಬರುತ್ತದೆ. ಡಿಸ್ಕ್ ಅಳಿಸಿದಾಗ ಅವರ ನುಡಿಯೂ ಹೋಗಿತ್ತು. ನನ್ನ ಯಂತ್ರದಲ್ಲಿ ಉಳಿದಿದ್ದ ಹಳೆಯ ಫಾಂಟ್ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು ಹಾಕಿದೆ. 2009ರ ಒಂದು ಕ್ರಯಪತ್ರ ಪರದೆಯ ಮೇಲೆ ಚಕ್ಕುಬಂದಿ ಸಮೇತ ಕನ್ನಡದಲ್ಲಿ ಮೂಡಿದಾಗ ಅವರು ಅದನ್ನು ಮೊದಲಿನಿಂದ ಕೊನೆಯವರೆಗೂ ಗಟ್ಟಿಯಾಗಿ ಓದಿಸಿಕೊಂಡರು. ಹೊಸ ಪತ್ರಗಳನ್ನು ಇನ್ನು ಯೂನಿಕೋಡ್‌ನಲ್ಲಿ ಬರೆಯಿರಿ ಎಂದೆ. ಬೆರಳಿಗೆ ಹಿಡಿದ ಕೀಲಿಮಣೆ ಬದಲಾಗದಿದ್ದರೆ ಒಪ್ಪಿಗೆ ಎಂದರು, ಕೆ.ಪಿ. ರಾವ್ ವಿನ್ಯಾಸವನ್ನೇ ಆಧರಿಸಿದ ನುಡಿಯ ಕೀಲಿಮಣೆಯಲ್ಲೇ ಯೂನಿಕೋಡ್ ಕೂಡ ಬರೆಯಬಹುದೆಂದು ತೋರಿಸಿದ ಮೇಲೆ ಸುಮ್ಮನಾದರು.

ಹಿಂದಿನ ಆವೃತ್ತಿಗೆ ಮರಳಲು ವಿಂಡೋಸ್ ಕೊಡುವ ಗಡುವು 10 ದಿನ. ನನ್ನ ಗಡುವು ಚಿತ್ತೆ ಮಳೆಯ ನಡುವೆ ಮುಗಿಯಿತು. ಅಷ್ಟರಲ್ಲಿ ಒಂದು ಬಟವಾಡೆ ಹೊಸದರಲ್ಲೇ ನಡೆದಿತ್ತು. ಹಳೆಯ ಪ್ರಿಂಟರ್ ಮಾತ್ರ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಸಿಗದೆ ಇನ್ನೂ ಕೂತಿದೆ, ಚೆಕ್‌ರೋಲನ್ನು ಸದ್ಯಕ್ಕೆ ಪೇಟೆಯಲ್ಲಿ ಮುದ್ರಿಸಿ ತರುತ್ತಿದ್ದೇನೆ.