ಎಲ್ಟ್ಸ್: ಮೂರು ದಾಯಾದಿ ಮನೆಗಳ ಒಂದೇ ಕೋಟೆ

ಜರ್ಮನಿಯ ಎಲ್ಟ್ಸ್ ಕೋಟೆಗೆ ಹೋಗಲು ಇಳಿಯಬೇಕಾದ ಮೊಸೆಲ್‌ಕೆರ್ನ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಮಾತ್ರ ನಿಲ್ಲುತ್ತದೆ. ಕೋಬ್ಲೆನ್ಸ್‌ನಲ್ಲಿ ಎಕ್ಸ್‌ಪ್ರೆಸ್ ಹತ್ತಿದರೆ ಊರು ದಾಟಿಯೇ ಹೋಯಿತು. ಇಳಿದ ಮೇಲೆ ಹೊಳೆಯ ಗುಂಟ ಒಂದೂಕಾಲು ಗಂಟೆಯ ನಡಿಗೆ, ಕೊನೆಗೆ ಕಡಿದಾದ ಏರು. ಕಾರಿನವರು ಮೇಲಿನಿಂದ ಹದಿನೈದು ನಿಮಿಷದಲ್ಲಿ ಇಳಿದು ಬರುತ್ತಾರೆ. ಆದರೂ ಕೆಳಗಿನಿಂದ ಬರುವುದೇ ಸರಿ. ಮೂರು ಕಡೆ ಹೊಳೆ ಸುತ್ತಿದ 70 ಮೀಟರ್ ಬಂಡೆಯನ್ನು ಕತ್ತೆತ್ತಿ ನೋಡಿದರೇ ಈ ಜಾಗ ಏಕೆ ಆರಿಸಿದರೆಂದು ತಿಳಿಯುತ್ತದೆ.

1157ರ ದಾನಪತ್ರವೊಂದರಲ್ಲಿ ಸಾಕ್ಷಿಯಾಗಿ ರುಡಾಲ್ಫ್ ಫಾನ್ ಎಲ್ಟ್ಸ್‌ನ ಹೆಸರಿದೆ. ಕೋಟೆ ಇಂದಿಗೂ ಅದೇ ಮನೆತನದ ಸ್ವಂತ ಆಸ್ತಿ. 1268ಕ್ಕೆ ಮೊದಲೇ ಅಣ್ಣತಮ್ಮಂದಿರಲ್ಲಿ ಪಾಲಾಗಿ ಕೆಂಪೆನಿಶ್, ರ್‍ಯೂಬೆನಾಖ್, ರೋಡೆನ್‌ಡೋರ್ಫ್ ಎಂಬ ಮೂರು ಕವಲಾಯಿತು. ಪಾಲುಪಟ್ಟಿ ಆಯಿತೆಂದು ಬಂಡೆ ಅಗಲವಾಗುತ್ತದೆಯೇ? ಹಾಗಾಗಿ ಪ್ರತಿ ಮನೆಯೂ ಒಂದೇ ಇಕ್ಕಟ್ಟಿನ ಅಂಗಳದ ಸುತ್ತ ಮೇಲಕ್ಕೆ ಬೆಳೆಯಿತು. ಎಂಟು ಗೋಪುರ, ಕೆಲವು 35 ಮೀಟರ್‌ವರೆಗೆ. ಕೆಳಗೆ ದಪ್ಪ ಕಲ್ಲುಗೋಡೆ, ಮೇಲಿನ ಮಹಡಿಗಳಲ್ಲಿ ಹಗುರವಾಗಲೆಂದು ಮರದ ಚೌಕಟ್ಟು, ಮೇಲೆ ಸ್ಲೇಟ್ ಕಲ್ಲಿನ ಹೊದಿಕೆ. ಇಷ್ಟೊಂದು ಚಾವಣಿ ಒಂದಕ್ಕೊಂದು ಒರಗಿದರೆ ಮಳೆನೀರೆಲ್ಲ ಸಂದಿಗೇ ಬರುತ್ತದೆ. ಅಲ್ಲಿ ಒಂದು ಸ್ಲೇಟ್ ಜಾರಿದರೂ ಸಾಕು, ಗೆದ್ದಲು ಬೇಕಿಲ್ಲ, ಕೆಳಗಿನ ತೊಲೆ ತಾನೇ ಕೊಳೆಯುತ್ತದೆ.

ಎಂಬತ್ತಕ್ಕೂ ಹೆಚ್ಚು ಕೋಣೆ. ಅರ್ಧದಷ್ಟಕ್ಕೆ ಬೆಂಕಿಗೂಡು. ಪಾಯಿಖಾನೆ ಸುಮಾರು ಇಪ್ಪತ್ತು, ತೊಳೆಯಲು ಮಳೆನೀರು. ಆ ಕಾಲಕ್ಕೆ ಇದು ದೊಡ್ಡ ಸೌಕರ್ಯ. ನನ್ನ ಕಣ್ಣು ನಿಂತದ್ದು ರ್‍ಯೂಬೆನಾಖ್ ಮನೆಯ ಮಲಗುವ ಕೋಣೆಯಲ್ಲಿ. ಗೋಡೆ ತುಂಬ ಬಳ್ಳಿಯ ಚಿತ್ತಾರ. ಪ್ರಾರ್ಥನೆಯ ಜಾಗ ಮಾತ್ರ ಗೋಡೆಯಾಚೆಗೆ ಚಾಚಿದ ಪುಟ್ಟ ಗೂಡಿನಲ್ಲಿದೆ. ದೇವರ ತಲೆಯ ಮೇಲೆ ಮನುಷ್ಯರು ಓಡಾಡಬಾರದಲ್ಲ!

1331ರಲ್ಲಿ ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ ಜೊತೆ (ಈತ ಸುತ್ತಲ ನಾಡನ್ನೂ ಆಳುತ್ತಿದ್ದ ಹಿರಿಯ ಧರ್ಮಗುರು) ಎಲ್ಟ್ಸ್ ಮನೆತನಕ್ಕೆ ಕಲಹ ಹತ್ತಿತು. ಆತ ಎದುರು ಗುಡ್ಡದಲ್ಲಿ ಇನ್ನೊಂದು ಕೋಟೆ ಕಟ್ಟಿ ಕಲ್ಲುಗುಂಡು ಎಸೆಸಿದ. ಅದರ ಪಾಳುಗೋಡೆ ಈಗಲೂ ಕಾಣುತ್ತದೆ. 1815ರಲ್ಲಿ ಪಾಲುಗಳೆಲ್ಲ ಕೆಂಪೆನಿಶ್ ಕವಲಿನ ಕೈಸೇರಿದವು. ಆ ಕವಲಿನ ಕೌಂಟ್ ಕಾರ್ಲ್ 1845ರಿಂದ ದಶಕಗಟ್ಟಲೆ ರಿಪೇರಿ ಮಾಡಿಸಿದ. 1920ರಲ್ಲಿ ಬೆಂಕಿ ಬಿದ್ದು ಕೆಂಪೆನಿಶ್ ಮನೆಗಳು ಸುಟ್ಟವು. ಮತ್ತೆ ಕಟ್ಟಲು ಸುಮಾರು ಹತ್ತು ವರ್ಷ ಹಿಡಿಯಿತು.

ಮೂರೂ ಮನೆಯವರು ಸೇರುತ್ತಿದ್ದ ದೊಡ್ಡ ಹಜಾರದಲ್ಲಿ ವಿದೂಷಕನ ಮುಖವಾಡಗಳಿವೆ: ಇಲ್ಲಿ ಮನಸ್ಸಿಗೆ ಬಂದದ್ದನ್ನು ಆಡಬಹುದು ಎಂದರ್ಥ. ಬಾಗಿಲ ಮೇಲೆ ಗುಲಾಬಿ: ಆಡಿದ್ದು ಹೊಸ್ತಿಲು ದಾಟಬಾರದು. ಒಳಗೆ ಫೋಟೋ ತೆಗೆಯುವಂತಿಲ್ಲ, ಗೈಡ್ ಜೊತೆ ಮುಕ್ಕಾಲು ಗಂಟೆಯೊಳಗೆ ಎಲ್ಲ ಮುಗಿಯುತ್ತದೆ. ಆ ಗುಲಾಬಿಯನ್ನು ಬಾಗಿಲು ದಾಟುವ ಮೊದಲೇ ನೋಡಿಕೊಳ್ಳಬೇಕು.