ಸಂಗಮದ ದಂಡೆಯ ಒಂದು ಕಲ್ಲು

ಪ್ರತಿ ಸಂಕ್ರಾಂತಿಗೆ ನಾನು ಗಳಗನಾಥಕ್ಕೆ ಹೋಗುತ್ತೇನೆ. ಮೈಗೆ ಎಳ್ಳು, ಅರಿಷಿಣ ಹಚ್ಚಿಕೊಂಡು ಹೊಳೆಯಲ್ಲಿ ಮುಳುಗಿ, ಗಳಗೇಶ್ವರನಿಗೆ ಕೈಮುಗಿದು, ದಂಡೆಯಲ್ಲಿ ಬುತ್ತಿ ಬಿಚ್ಚುವುದು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಾದ್ಲಿ. ನಮ್ಮ ಹಾವೇರಿ ಕಡೆಯವರಿಗೆ ಇದನ್ನೆಲ್ಲ ಹೇಳಬೇಕಿಲ್ಲ, ಅಲ್ವಾ?

ಇಲ್ಲಿ ವರದಾ ತುಂಗಭದ್ರೆಯನ್ನು ಸೇರುತ್ತಾಳೆ. ತುಂಗಾ, ಭದ್ರಾ ಮೇಲೆ ಕೂಡಲಿಯಲ್ಲೇ ಒಂದಾಗಿರುತ್ತವೆ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿದ ಇವಳು ಇಲ್ಲಿ ಬಂದು ಕೂಡಿಕೊಳ್ಳುತ್ತಾಳೆ. "ಒಂದ ಮುಳುಗಿಗೆ ಮೂರು ಹೊಳಿ ಪುಣ್ಯ ನೋಡವ್ವಾ" ಅನ್ನುತ್ತಿದ್ದಳು ನಮ್ಮವ್ವ.

ಅವ್ವ ತೀರಿಕೊಂಡ ವರ್ಷ ನನಗೆ ಆ ಗದ್ದಲ ತಡೆಯಲಾಗಲಿಲ್ಲ. ಎಲ್ಲರೂ ಊಟಕ್ಕೆ ಕೂತಾಗ ಎದ್ದು ಗುಡಿಯ ಹಿಂದೆ ಹೋದೆ. ಗುಡಿ 11ನೇ ಶತಮಾನದ್ದು, ಚಾಲುಕ್ಯರ ಕಾಲದ್ದು. ಅದರ ಬುಡದ ಸುತ್ತ ಕಲ್ಲುಗಳನ್ನು ಮೆಟ್ಟಿಲಿನಂತೆ ಇಳಿಜಾರಾಗಿ ಕಟ್ಟಿದ್ದಾರೆ. ಹೊಳೆ ದಂಡೆಯಲ್ಲಿ ಗೋಡೆಗೆ ಆಸರೆಯಾಗಲಿ ಅಂತ ಕಟ್ಟಿದ್ದು ಎನ್ನುತ್ತಾರೆ. ಗೋಡೆಗೇ ಆಸರೆ ಬೇಕಾಯಿತಲ್ಲ ಅಂದುಕೊಳ್ಳುತ್ತಾ ಒಂದು ಕಲ್ಲಿನ ಮೇಲೆ ಕೂತೆ. ಸೀರೆ ಇನ್ನೂ ಹಸಿಯಾಗಿತ್ತು. ಕಲ್ಲು ಬಿಸಿಲಿಗೆ ಬೆಚ್ಚಗಾಗಿತ್ತು. ಅಂಗೈ ಊರಿದರೆ ರೊಟ್ಟಿ ಬಡಿದು ಎದ್ದ ಅವ್ವನ ಕೈ ಹಿಡಿದಷ್ಟೇ ಬೆಚ್ಚಗೆ. ಉಗುರಿನ ಸಂದಿಯಲ್ಲಿ ಅರಿಷಿಣ ಉಳಿದಿತ್ತು. ಅದನ್ನೇ ನೋಡುತ್ತಾ ಅತ್ತೆ. ಮಂತ್ರ ನೆನಪಾಗಲಿಲ್ಲ, ಏನು ಬೇಡಿಕೊಳ್ಳಬೇಕೆಂದೂ ತಿಳಿಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಉಸಿರು ಸಲೀಸಾಯಿತು. ಒಳಗೆ ಗಂಟೆ ಬಾರಿಸಿದ್ದು ಗೋಡೆಯ ಈಚೆಗೂ ಕೇಳಿತು.

ಅವತ್ತಿನಿಂದ ಅದು ನನ್ನ ಜಾಗ. ಗರ್ಭಗುಡಿಯ ಮುಂದೆ ಸಾಲಿನಲ್ಲಿ ನಿಂತಾಗ ಹಿಂದಿನವರು ನೂಕುತ್ತಿರುತ್ತಾರೆ, ದೇವರ ಮುಖ ನೋಡುವಷ್ಟರಲ್ಲಿ ಮುಂದೆ ಸರಿಯಬೇಕು. ಇಲ್ಲಿ ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತೇನೆ. ನನಗೆ ಅವನು ಜಾಸ್ತಿ ಹತ್ತಿರ ಅನಿಸುವುದು ಇಲ್ಲೇ. ಹರಕೆ ಅಂದರೆ ಹರಕೆ: ವರ್ಷಕ್ಕೊಮ್ಮೆ ಬಂದು, ಸೀರೆ ಒಣಗುವವರೆಗೆ ಸುಮ್ನೆ ಕೂರುವುದು.

ಬರುವವರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಶಾಂಪೂ ಚೀಟಿ, ಹಳೇ ಬಟ್ಟೆ ಹೊಳೆಗೆ ಬಿಡಬೇಡಿ. ನಾವು ತಾಯಿ ಅಂತ ಮುಳುಗುವ ನೀರು ಅದು.

ಏಳುವ ಮುಂಚೆ ಒಂದು ಚಿಟಿಕೆ ಮಾದ್ಲಿಯನ್ನು ಕಲ್ಲಿನ ಮೂಲೆಯಲ್ಲಿ ಇಡುತ್ತೇನೆ, ಅವ್ವನ ಪಾಲು. ಸೆರಗು ಕೊಡವಿಕೊಳ್ಳುವಷ್ಟರಲ್ಲಿ ಇರುವೆಗಳು ಸಾಲು ಹಿಡಿದಿರುತ್ತವೆ.